ಅಜ್ಜಿಯ ತೂಕಕ್ಕೆ ಕೂರಿಸಿದ ಕಾರು

ಕಾಫಿ ಒಣಗಿಸುವ ಕಣದಲ್ಲಿ ಆ ಬೆಳಿಗ್ಗೆ ಇದ್ದವರು ನಾಲ್ಕು ಜನ. ಹಸಿರು ಕಾರಿನ ಕೆಳಗೆ ಚಿಕ್ಕಪ್ಪ. ಅವನ ಕಾಲೆರಡು ಮಾತ್ರ ಹೊರಗೆ ಕಾಣುತ್ತಿದ್ದವು. ದೊಡ್ಡ ತಕ್ಕಡಿಯ ಪಕ್ಕದಲ್ಲಿ, ಎಸ್ಟೇಟಿನ ತೂಕ ನೋಡುತ್ತಿದ್ದ ನಮ್ಮ ರೈಟರು. ಗೋದಾಮಿನ ನೆರಳಲ್ಲಿ ಬೆತ್ತದ ಕುರ್ಚಿಯ ತುಂಬ ಕೂತಿದ್ದ ಅಜ್ಜಿ. ಮತ್ತೆ, ಕಾಲೇಜಿನ ರಜಕ್ಕೆ ಮೈಸೂರಿನಿಂದ ಬಂದಿದ್ದ ನಾನು.

ಅಜ್ಜಿಯ ತುಟಿ ಬೆಳ್ಳಗಿತ್ತು. ಆ ವರ್ಷ ನಮ್ಮ ಮನೆಗೆ ಬಡಿದಿದ್ದ ಗ್ರಹಚಾರವೇ ಅದು. ನನಗೆ ಬುದ್ಧಿ ತಿಳಿದಾಗಿನಿಂದ ಅಜ್ಜಿಯ ಬಾಯಿ ಕೆಂಪಗಿಲ್ಲದ ಹೊತ್ತನ್ನು ನಾನು ಕಂಡಿರಲಿಲ್ಲ. ಎಲೆ ಅಡಿಕೆ ಬಿಟ್ಟ ಅಜ್ಜಿ ಬೆಳಗಿನ ರೊಟ್ಟಿಯ ಮೇಲೆ, ಹಾಲಿನವನ ಮೇಲೆ, ಸುಮ್ಮನೆ ಮಲಗಿದ್ದ ನಾಯಿಯ ಮೇಲೆ ಹರಿಹಾಯುತ್ತಿದ್ದಳು. ಅವಳ ಎಲೆಸಂಚಿ ಜಗಲಿಯ ಗೂಡಿನಲ್ಲಿ ಖಾಲಿ ಬಿದ್ದಿತ್ತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಕಾರಣ, ಒಂದು ಕೆಂಪು ಕಾರು.

ಕೊಡಗು ಮೈಸೂರಿಗೆ ಸೇರಿದ ಹೊಸತು. ಸ್ವಂತ ದೇಶಕ್ಕೆ ಹೊರಟು ನಿಂತಿದ್ದ ಒಬ್ಬ ಬಿಳಿ ದೊರೆಯಿಂದ ಚಿಕ್ಕಪ್ಪ ಆ ಹಸಿರು ಕಾರನ್ನು ಕೊಂಡಿದ್ದ. ಎರಡೇ ಸೀಟು, ಮೇಲೆ ಮಡಚುವ ಬಟ್ಟೆ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಜಾತಿ. ಪಕ್ಕದ ಎಸ್ಟೇಟಿನ ಧಣಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಹಡಗಿನಲ್ಲಿ ಹೊಸದೊಂದನ್ನು ತರಿಸಿದ. ಅದು ಕೆಂಪು. ಅಂದಿನಿಂದ ನಮ್ಮ ಮನೆಯಲ್ಲಿ ಅವನು ಕೆಂಪು ಕಾರಿನವನು.

ಒಂದು ಮದುವೆ ಮುಗಿಸಿಕೊಂಡು ಚಿಕ್ಕಪ್ಪ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊಡ್ಲಿಪೇಟೆ ರಸ್ತೆಯಲ್ಲಿ ಬರುತ್ತಿದ್ದ. ಮಳೆ ಬಿಟ್ಟು ರಸ್ತೆಯಿನ್ನೂ ಒದ್ದೆ. ಒಂದು ತಿರುವಿನಲ್ಲಿ ಕೆಂಪು ಕಾರು ಹಿಂದಿನಿಂದ ಹಾರ್ನ್ ಬಾರಿಸುತ್ತ ನುಗ್ಗಿ, ಪಕ್ಕಕ್ಕೆ ಒತ್ತಿಕೊಂಡು ಮುಂದೆ ಹೋಯಿತು. ನಮ್ಮ ಕಾರು ಎಡಕ್ಕೆ ಜಾರಿ ಚರಂಡಿಗೆ ಇಳಿಯಿತು. ಅವನು ನಿಲ್ಲಿಸಲಿಲ್ಲ. ತಿರುಗಿ ನೋಡಿದ, ನಿಲ್ಲಿಸಲಿಲ್ಲ. ಮದುವೆಗೆಂದು ಉಟ್ಟಿದ್ದ ರೇಷ್ಮೆ ಸೀರೆಯಲ್ಲಿ ಅಜ್ಜಿ ಕೆಸರಿನೊಳಗೆ ಕೂತೇ ಇದ್ದಳು. ನಮ್ಮ ಎಸ್ಟೇಟಿನ ಕೂಲಿ ಲೈನಿನ ಆಳುಗಳು ಬಂದು, ಮೂಟೆ ಕಟ್ಟುವ ಹಗ್ಗ ಹಾಕಿ ಅವಳನ್ನು ಮೇಲಕ್ಕೆಳೆದರು.

ಇಷ್ಟಕ್ಕೇ ಬಿಟ್ಟಿದ್ದರೆ ಅಜ್ಜಿ ಮರೆಯುತ್ತಿದ್ದಳೋ ಏನೋ. ಅದೇ ಮದುವೆಯ ಬೀಗರೂಟದಲ್ಲಿ ನಾನು ಪಾಯಸ ಬಡಿಸುತ್ತಿದ್ದೆ. ಪಂಕ್ತಿಯಲ್ಲಿ ಕೂತಿದ್ದ ಕೆಂಪು ಕಾರಿನವನು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ.

"ನಾನೇನೂ ಮಾಡ್ಲಿಲ್ಲ ಕಣ್ರೀ. ಆ ಅಮ್ಮ ಕೂತಿದ್ದ ಕಡೆಗೇ ಕಾರು ಮಲಗ್ತು. ಅವರಿಗೆ ಕಾರಲ್ಲ, ಲಾರಿ ಬೇಕು!"

ಇಡೀ ಪಂಕ್ತಿ ನಕ್ಕಿತು. ನಾನು ಅವನ ಎಲೆಗೆ ಪಾಯಸ ಹಾಕದೆ ಮುಂದಕ್ಕೆ ಹೋದೆ. ಮನೆಗೆ ಬಂದು ಒಂದಕ್ಷರ ಬಿಡದೆ ಅಜ್ಜಿಗೆ ಒಪ್ಪಿಸಿದೆ. ಚಾಡಿ ಹೇಳಿದೆ ಎಂದು ಅಪ್ಪ ಬೈದರು. ಬೈದರೆ ಬೈಯಲಿ, ಆ ಮಾತನ್ನು ಹೊತ್ತು ತಂದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ.

ಅಜ್ಜಿ ಬಾಯಲ್ಲಿದ್ದುದನ್ನು ಉಗಿದು, ಬಾಯಿ ಮುಕ್ಕಳಿಸಿ ಬಂದು, ಸಂಚಿಯನ್ನು ಗೂಡಿನಲ್ಲಿಟ್ಟಳು. "ಅಷ್ಟು ಜನರ ಮುಂದೆ ನನ್ನ ಮೇಲೆ ಹಾಕಿದ. ಅಷ್ಟೇ ಜನರ ಮುಂದೆ 'ನಾನೇ ತಳ್ಳಿದ್ದು' ಅಂತ ಅವನ ಬಾಯಲ್ಲಿ ಬರ್ಬೇಕು. ಅಲ್ಲೀವರೆಗೂ ನನ್ನ ಬಾಯಿಗೆ ಎಲೆ ಇಲ್ಲ."

"ಹೋಗ್ಲಿ ಬಿಡವ್ವ," ಅಂದ ಚಿಕ್ಕಪ್ಪ.

"ನೀನು ಬಿಡು. ನಿನ್ನ ಸೀರೆ ಹಾಳಾಗಿಲ್ಲ."

ಪ್ರತಿ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ಪ್ಲಾಂಟರುಗಳು ಬಯಲುಸೀಮೆಯ ಕಡೆ, ಯುದ್ಧದ ಕಾಲದಲ್ಲಿ ವಿಮಾನ ಇಳಿಸುತ್ತಿದ್ದ ಒಂದು ಹಳೇ ಮೈದಾನಕ್ಕೆ ಹೋಗಿ ಕಾರಿನ ಓಟ ನಡೆಸುತ್ತಿದ್ದರು. ಎರಡು ತುದಿಗೆ ಒಂದೊಂದು ಟಾರು ಡ್ರಮ್ಮು; ಅವುಗಳನ್ನು ಸುತ್ತಿ ಬರಬೇಕು. ಸುತ್ತುವುದೆಲ್ಲ ಎಡಕ್ಕೆ. ಹೆಂಗಸರು ಮಕ್ಕಳೆಲ್ಲ ಬುತ್ತಿ ಕಟ್ಟಿಕೊಂಡು ಬರುತ್ತಿದ್ದ ಆ ಆಟಕ್ಕೆ ಒಂದು ನಿಯಮವಿತ್ತು: ಎರಡು ಸೀಟಿನ ಕಾರಿನಲ್ಲಿ ಎರಡು ಜನ ಕೂರಲೇಬೇಕು. ಕೆಂಪು ಕಾರಿನವನು ಪ್ರತಿ ಸಲ ತನ್ನ ಸಣಕಲು ಬಾಮೈದನನ್ನು ಕೂರಿಸಿಕೊಂಡು ಗೆಲ್ಲುತ್ತಿದ್ದ. ಬೀಗರೂಟದಲ್ಲಿ ನಕ್ಕವರೆಲ್ಲ ಅಲ್ಲಿಗೂ ಬರುವವರೇ.

ಚಿಕ್ಕಪ್ಪ ನನ್ನನ್ನು ಕೂರಿಸಿಕೊಳ್ಳುವ ಲೆಕ್ಕದಲ್ಲಿದ್ದ. ಅಜ್ಜಿ ಒಪ್ಪಲಿಲ್ಲ.

"ಅವನು ನಗಾಡಿದ್ದು ನನ್ನ ತೂಕಾನ. ಆ ತೂಕ ಕಾರಲ್ಲಿ ಇಲ್ದೆ ಗೆದ್ರೆ ಏನು ಬಂತು? ನಾನೇ ಕೂರ್ತೀನಿ."

ಹಾಗಾಗಿ ಆ ಬೆಳಿಗ್ಗೆ ನಾವೆಲ್ಲ ಕಣದಲ್ಲಿ ಸೇರಿದ್ದು. ಕಾರನ್ನು ಅಜ್ಜಿಯ ತೂಕಕ್ಕೆ ಸರಿಯಾಗಿ ಕೂರಿಸಬೇಕಾದರೆ ಮೊದಲು ತೂಕ ಗೊತ್ತಾಗಬೇಕು. ಕೇಳುವವರು ಯಾರು? ಚಿಕ್ಕಪ್ಪ ಕಾರಿನ ಕೆಳಗೆ ಹೋಗಿ ಸೇರಿಕೊಂಡಿದ್ದೇ ಅದಕ್ಕೆ. ಕೊನೆಗೆ ಅಜ್ಜಿಯೇ ಎದ್ದಳು. ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಕಾಫಿ ಮೂಟೆ ಇಡುವ ಹಲಗೆಯ ಮೇಲೆ ಹೋಗಿ ಕೂತಳು. ಲೈನಿನ ಕಡೆಯಿಂದ ಆಳುಗಳು ಕೆಲಸ ಬಿಟ್ಟು ನೋಡುತ್ತ ನಿಂತರು. ರೈಟರು ಕಲ್ಲಿನ ಮೇಲೆ ಕಲ್ಲಿಟ್ಟು, ಕೊನೆಗೆ ತೂಕವನ್ನು ಚಿಕ್ಕಪ್ಪನ ಕಾಲಿನ ಹತ್ತಿರ ಬಗ್ಗಿ ಪಿಸುಗುಟ್ಟಿದರು.

"ಯಾಕಯ್ಯ ಪಿಸುಪಿಸು? ಕಾಫಿ ತೂಕ ಕೂಗೋ ಹಾಗೇ ಕೂಗು."

"ಅಮ್ಮಾವ್ರೇ, ಆಳುಗಳು..."

"ಕೇಳ್ಲಿ. ಹಗ್ಗ ಹಾಕಿ ಎಳೆದೋರಿಗೆ ಗೊತ್ತಿಲ್ದಿರೋ ತೂಕವೇನಲ್ಲ."

ರೈಟರು ಕೂಗಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ನಾನು ಅವರನ್ನು ಇವತ್ತಿಗೂ ನೆನಪಿಟ್ಟುಕೊಂಡಿರುತ್ತಿದ್ದೆ.

ಕೆಲಸ ಶುರುವಾಯಿತು. ಅಜ್ಜಿ ಕೂರುವ ಎಡಗಡೆಯ ಕಮಾನು, ಅಂದರೆ ಗಾಲಿಯ ಮೇಲಿನ ಪಟ್ಟಿ ಸ್ಪ್ರಿಂಗು, ಕುಸಿಯುತ್ತಿತ್ತು. ಚಿಕ್ಕಪ್ಪ ಬಸ್ಸು ಹತ್ತಿ ಗೋಣಿಕೊಪ್ಪಲಿಗೆ ಹೋಗಿ, ಮುರಿದ ಜೀಪಿನ ಕಮಾನಿನಿಂದ ಒಂದು ಪಟ್ಟಿ ಬಿಚ್ಚಿಸಿ ತಂದು, ಅರದಿಂದ ಉಜ್ಜಿ ಉಜ್ಜಿ ಅಲ್ಲಿ ಸೇರಿಸಿದ. ಆಮೇಲೆ ಶಾಕ್‌ಅಬ್ಸಾರ್ಬರು. ಆ ಕಾರಿನದು ಈಗಿನ ಹಾಗೆ ಎಣ್ಣೆ ತುಂಬಿದ ಕೊಳವೆಯಲ್ಲ. ಎರಡು ಕಬ್ಬಿಣದ ತೋಳು, ಅವುಗಳ ನಡುವೆ ಮರದ ಬಿಲ್ಲೆಗಳು, ಎಲ್ಲವನ್ನೂ ಹಿಡಿದಿಡುವ ಒಂದು ನಟ್ಟು. ನಟ್ಟು ಬಿಗಿ ಮಾಡಿದರೆ ಕಾರು ಹಲಗೆಯ ಹಾಗೆ ಸೆಟೆಯುತ್ತದೆ, ಸಡಿಲ ಮಾಡಿದರೆ ತೊಟ್ಟಿಲಿನ ಹಾಗೆ ತೂಗುತ್ತದೆ. ಹಳೇ ಬಿಲ್ಲೆಗಳು ಸವೆದಿದ್ದವು. ಹಲಸಿನ ಮರದಲ್ಲಿ ಮಾಡಿಸಿದ್ದು ಕಿರ್ರೋ ಎಂದು ಅರಚಿತು. ಕೊನೆಗೆ, ಕಿತ್ತು ಹಾಕಿದ್ದ ಮುದಿ ಕಾಫಿ ಗಿಡದ ಬುಡದಲ್ಲಿ ಕಡೆಸಿದ್ದು ನಿಂತಿತು.

ಪರೀಕ್ಷೆಗೆ ಅಜ್ಜಿ ಯಾಕೆ ಎಂದು ಅಷ್ಟೇ ತೂಕದ ಕಾಫಿ ಮೂಟೆಯನ್ನು ಸೀಟಿನಲ್ಲಿ ಕೂರಿಸಿದೆವು. ಕಣದ ಸುತ್ತ ಒಂದು ಸುತ್ತು ಹಾಕುವಷ್ಟರಲ್ಲಿ ಮೂಟೆ ಚಿಕ್ಕಪ್ಪನ ಹೆಗಲ ಮೇಲೆ ಮಲಗಿತ್ತು. ಕಾರು ವಾಲುತ್ತದೆ ಎಂದು ಅವನು ನಟ್ಟು ಬಿಗಿ ಮಾಡಿದ. ಮತ್ತೆ ವಾಲಿತು, ಮತ್ತೆ ಬಿಗಿ ಮಾಡಿದ. ಹೀಗೆ ದಿನಗಳು ಹಾಳಾದವು. ಕುರ್ಚಿಯಿಂದ ಅಜ್ಜಿ ಕೂಗಿದಳು:

"ಅದು ಮೂಟೆ ಕಣೋ, ಗಾಡಿ ಹೋದ ಕಡೆಗೆ ಹೋಗುತ್ತೆ. ನಾನು ಹೋಗಲ್ಲ. ಎತ್ತಿನ ಗಾಡೀಲಿ ಈ ಮನೆಗೆ ಬಂದೋಳು ನಾನು. ಅದು ಅತ್ತ ವಾಲಿದ್ರೆ ನಾನು ಇತ್ತ ಬಗ್ತೀನಿ. ಇಳಿಸು ಅದನ್ನ!"

ಮೂಟೆ ಇಳಿಯಿತು, ಅಜ್ಜಿ ಹತ್ತಿದಳು. ಅವಳ ಮಡಿಲಲ್ಲಿ ನಾನೊಂದು ತುಂಬಿದ ನೀರಿನ ಚೊಂಬು ಇಟ್ಟೆ. ತಿರುವಿನಲ್ಲಿ ಅಜ್ಜಿ ಎಡಕ್ಕೆ ಬಗ್ಗಿ ಬಾಗಿಲನ್ನು ತಬ್ಬಿಕೊಂಡಳು. ಕಾರು ನೆಲಕ್ಕೆ ಅಂಟಿದ ಹಾಗೆ ತಿರುಗಿತು. ನೀರು ಚೆಲ್ಲಲಿಲ್ಲ. ಆದರೆ ಕಣದ ಕಲ್ಲುಚಪ್ಪಡಿಗಳ ಸಂದಿ ದಾಟುವಾಗ ಟಕ್ ಟಕ್ ಎಂದು ಕುಕ್ಕಿ, ಚೊಂಬಿನ ನೀರೆಲ್ಲ ಅಜ್ಜಿಯ ಮುಖಕ್ಕೆ ಹಾರಿತು. ಆ ಮೈದಾನದಲ್ಲೂ ಹೀಗೇ, ಕಾಂಕ್ರೀಟಿನ ಚಪ್ಪಡಿ, ಚಪ್ಪಡಿಗೊಂದು ಸಂದಿ. ಬಿಗಿ ಇದ್ದರೆ ನೇರದಲ್ಲಿ ಕುಕ್ಕುತ್ತದೆ, ಸಡಿಲ ಇದ್ದರೆ ತಿರುವಿನಲ್ಲಿ ವಾಲುತ್ತದೆ. ಚಿಕ್ಕಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

"ನೇರ ಇರೋ ಕಡೆ ಸಡಿಲ ಮಾಡು, ತಿರುವಲ್ಲಿ ಬಿಗಿ ಮಾಡು," ಅಂದಳು ಅಜ್ಜಿ, ಮುಖ ಒರೆಸಿಕೊಳ್ಳುತ್ತ.

"ಓಡೋ ಕಾರಿಂದ ಇಳಿದು ನಟ್ಟು ತಿರುಗಿಸ್ಲಾ ಅವ್ವ?"

"ನೀನ್ಯಾಕೆ ಇಳೀತೀಯ? ಪಕ್ಕದಲ್ಲಿ ಖಾಲಿ ಕೂತಿರೋಳು ನಾನಿಲ್ವ?"

ಚಿಕ್ಕಪ್ಪ ಅವಳನ್ನೇ ನೋಡಿದ. ಆಮೇಲೆ ಎದ್ದು ಗೋದಾಮಿಗೆ ಓಡಿದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೇ ಮಿಷನ್ನಿನ ಕೈತಿರುಪನ್ನು ಬಿಚ್ಚಿ ತಂದ. ಅದನ್ನು ಅಜ್ಜಿಯ ಮೊಣಕಾಲಿನ ಮುಂದೆ ಕೂರಿಸಿ, ಅಲ್ಲಿಂದ ಹಿಂದಿನ ಗಾಲಿಗಳ ಶಾಕ್‌ಅಬ್ಸಾರ್ಬರಿನ ನಟ್ಟಿನವರೆಗೆ ಉಕ್ಕಿನ ತಂತಿ ಎಳೆದ. ತಿರುಪನ್ನು ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. ಅಂದಿನಿಂದ ಓಟದ ದಿನದವರೆಗೆ ಅಜ್ಜಿ ಸಂಜೆ ಹೊತ್ತು ಅಡಿಗೆಮನೆಗೆ ಹೋಗಲಿಲ್ಲ. ಕಣದಲ್ಲಿ ಅವಳ ದನಿಯೇ ಕೇಳುತ್ತಿತ್ತು: "ಬಿಗಿ! ಬಿಟ್ಟೆ! ಬಿಗಿ!"

ಓಟದ ದಿನ ನಸುಕಿನಲ್ಲಿ, ಎಲ್ಲವನ್ನೂ ಸಡಿಲ ಮಾಡಿಕೊಂಡು ಅವರಿಬ್ಬರೂ ತೊಟ್ಟಿಲಲ್ಲಿ ಕೂತವರಂತೆ ಘಾಟಿ ಇಳಿದರು. ಅಪ್ಪನ ಜೊತೆ ನಾನು ಜೀಪಿನಲ್ಲಿ ಹಿಂದೆ ಹೋದೆ. ಹೊರಡುವ ಮುಂಚೆ ಅಜ್ಜಿ ಗೂಡಿನಿಂದ ಸಂಚಿ ತೆಗೆದು, ಎಳೇ ಎಲೆ ತುಂಬಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದನ್ನು ನಾನು ನೋಡಿದ್ದೆ.

ಮೈದಾನದಲ್ಲಿ ಅಜ್ಜಿಯನ್ನು ಕಂಡ ಕೂಡಲೇ ಕೆಂಪು ಕಾರಿನವನ ಮುಖ ಅರಳಿತು. "ಏನಮ್ಮ, ಲಾರಿ ಸಿಗಲಿಲ್ವ?"

ಜನ ನಕ್ಕರು. ಅಜ್ಜಿಯೂ ನಕ್ಕಳು. "ನೀನು ಗೆದ್ರೆ ಲಾರೀನೇ ತಗೋತೀನಪ್ಪ. ಸೋತ್ರೆ, ಆವತ್ತು ಕಾರು ಚರಂಡಿಗೆ ಹೇಗೆ ಹೋಯ್ತು ಅಂತ ಈ ಜನಕ್ಕೆ ನಿಜ ಹೇಳ್ಬೇಕು. ಆಗ್ತದಾ?"

"ಓಹೋ, ಆಗ್ಲಿ ಆಗ್ಲಿ!" ಅಂದ. ಸೋಲುವ ಯೋಚನೆ ಇದ್ದವನ ಮಾತಲ್ಲ ಅದು.

ಮೊದಲ ಸುತ್ತಿನಲ್ಲಿ ಅವನೇ ಮುಂದೆ. ಎರಡನೆಯದರಲ್ಲೂ ಅವನೇ. ಆದರೆ ಅವನು ಕಾರನ್ನು ಕಲ್ಲಿನಂತೆ ಬಿಗಿ ಮಾಡಿಸಿಕೊಂಡು ಬಂದಿದ್ದ. ಪ್ರತಿ ಸಂದಿಗೂ ಕೆಂಪು ಕಾರಿನ ಹಿಂಭಾಗ ಕುಪ್ಪಳಿಸುತ್ತಿತ್ತು, ಬಾಮೈದನ ತಲೆ ಬೊಂಬೆಯ ತಲೆಯಂತೆ ಅಲ್ಲಾಡುತ್ತಿತ್ತು. ನಮ್ಮದು ನೇರದಲ್ಲಿ ತೇಲಿಕೊಂಡು ಬಂದು, ಡ್ರಮ್ಮಿನ ಹತ್ತಿರ ಬರುತ್ತಲೇ ಮೈ ಬಿಗಿದುಕೊಂಡು ತಿರುಗುತ್ತಿತ್ತು. ಪ್ರತಿ ತಿರುವಿನಲ್ಲೂ ಅಜ್ಜಿಯ ಬಿಳೀ ತಲೆ ಎಡಕ್ಕೆ ಹೊರಗೆ ಬರುತ್ತಿತ್ತು. ಅವಳ ದನಿ ನಾವು ನಿಂತಲ್ಲಿಗೂ ಕೇಳುತ್ತಿತ್ತು. ಪ್ರತಿ ತಿರುವಿಗೂ ನಡುವಿನ ಅಂತರ ಕಿರಿದಾಗುತ್ತ ಬಂತು.

ಕೊನೆಯ ತಿರುವಿನಲ್ಲಿ ಚಿಕ್ಕಪ್ಪ ಒಳಗಿನಿಂದ ಹೋದ. ಒತ್ತಲಿಲ್ಲ, ಮುಟ್ಟಲಿಲ್ಲ, ಎಷ್ಟೋ ಜನ ನೋಡಿದ್ದಾರೆ. ಬಿಟ್ಟುಕೊಡಬಾರದೆಂದು ಕೆಂಪು ಕಾರಿನವನು ವೇಗದಲ್ಲೇ ತಿರುಗಿಸಿದ. ಸಂದಿಯ ಮೇಲೆ ಅವನ ಕಾರು ಒಂದು ಸಲ ಕುಪ್ಪಳಿಸಿತು, ಎರಡನೇ ಸಲ ಕುಪ್ಪಳಿಸಿತು, ಆಮೇಲೆ ಕಾಂಕ್ರೀಟು ಬಿಟ್ಟು, ಉತ್ತು ಬಿಟ್ಟಿದ್ದ ಪಕ್ಕದ ಹೊಲಕ್ಕೆ ಇಳಿದು, ಹಿಂದಿನ ಗಾಲಿಗಳು ಮಣ್ಣಿನಲ್ಲಿ ಹೂತುಕೊಂಡವು. ಯಾರಿಗೂ ಪೆಟ್ಟಾಗಲಿಲ್ಲ.

ನಮ್ಮ ಕಾರು ಗೆರೆ ದಾಟಿತು. ದಾಟಿ, ನಿಲ್ಲದೆ, ತಿರುಗಿ ಆ ಹೊಲದ ಅಂಚಿಗೇ ಬಂದು ನಿಂತಿತು. ಜನರೆಲ್ಲ ಅಲ್ಲಿಗೆ ಓಡಿದರು. ನಾನು ಎಲ್ಲರಿಗಿಂತ ಮುಂದಿದ್ದೆ. ಅಜ್ಜಿ ಇಳಿದು, ಸೀಟಿನ ಹಿಂದಿನಿಂದ ಒಂದು ಸುರುಳಿ ಹಗ್ಗ ತೆಗೆದಳು. ಮೂಟೆ ಕಟ್ಟುವ ಹಗ್ಗ. ಅದನ್ನೂ ತಂದಿದ್ದಾಳೆಂದು ಚಿಕ್ಕಪ್ಪನಿಗೂ ಗೊತ್ತಿರಲಿಲ್ಲ.

"ನಾವು ನಿಲ್ಲಿಸ್ತೀವಪ್ಪ," ಅಂದಳು. "ಯಾರಾದ್ರೂ ಬಿದ್ರೆ ನಿಲ್ಲಿಸ್ತೀವಿ."

ಕೆಂಪು ಕಾರಿನವನು ಸ್ಟೀರಿಂಗ್ ಹಿಡಿದು ಕೂತೇ ಇದ್ದ. ಹಗ್ಗಕ್ಕೆ ಕೈ ಚಾಚಿದ. ಅಜ್ಜಿ ಕೊಡಲಿಲ್ಲ.

"ಮೊದಲು ಮಾತು. ಆಮೇಲೆ ಹಗ್ಗ."

ಅವನು ಜನರ ಕಡೆ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ. ಬೀಗರೂಟದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರೇ ಈಗ ಕೈಕಟ್ಟಿ ಕಾಯುತ್ತಿದ್ದರು.

"ನಾನೇ... ಸ್ವಲ್ಪ ಒತ್ತಿದ್ದೆ," ಅಂದ ಬಾಯೊಳಗೆ.

"ಕೇಳಿಸ್ಲಿಲ್ಲ. ವಯಸ್ಸಾಯ್ತು ನೋಡು."

"ನಾನೇ ತಳ್ಳಿದ್ದು! ನಿಲ್ಲಿಸಲೂ ಇಲ್ಲ. ಸಾಕಾ ಅಮ್ಮ?"

"ನನ್ನ ತೂಕಕ್ಕೆ ಮಲಗಿದ್ದಲ್ವ?"

"ಅಲ್ಲ."

ಅಜ್ಜಿ ಹಗ್ಗವನ್ನು ಅವನ ಮಡಿಲಿಗೆ ಎಸೆದಳು. ಸೊಂಟದಿಂದ ಸಂಚಿ ತೆಗೆದು, ಅಲ್ಲೇ ಹೊಲದ ಬದುವಿನ ಮೇಲೆ ಕೂತು, ಎಲೆಯ ತೊಟ್ಟು ಮುರಿದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಚಿ ಬಾಯಿಗಿಟ್ಟುಕೊಂಡಳು. ಜನ ಸೇರಿ ಕೆಂಪು ಕಾರನ್ನು ಎಳೆದು ಮುಗಿಸುವವರೆಗೂ ಅವಸರವಿಲ್ಲದೆ ಅಗಿಯುತ್ತ ನೋಡಿದಳು. ಕಾರು ಮೇಲೆ ಬಂದಾಗ ಎದ್ದು ಹೋಗಿ, ಅದರ ಗಾಲಿಯ ಪಕ್ಕದಲ್ಲಿ ಸರಿಯಾಗಿ ಒಂದು ಸಲ ಉಗಿದಳು. ಕ್ಷಮಿಸಿದಳೇ ಎಂದು ನನ್ನನ್ನು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಇಲ್ಲ. ಅವಳು ಕ್ಷಮಿಸಲಿಲ್ಲ, ನಾನೂ ಕ್ಷಮಿಸಲಿಲ್ಲ. ಆದರೆ ಅಜ್ಜಿಗೆ ಊಟ ರುಚಿಸತೊಡಗಿತು.

ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ದಿನ ಕೆಂಪು ಕಾರು ನಮ್ಮ ಕಣಕ್ಕೆ ಬಂದು ನಿಂತಿತು. ಅವನು ಇಳಿದು, ಟೋಪಿ ತೆಗೆದು, ತನ್ನ ಕಾರಿಗೂ ಅಂಥದ್ದೊಂದು ತಿರುಪು ಕೂರಿಸಿಕೊಡಲು ಆದೀತೇ ಎಂದು ಚಿಕ್ಕಪ್ಪನನ್ನು ಕೇಳಿದ. ಚಿಕ್ಕಪ್ಪ ಅಜ್ಜಿಯ ಕಡೆ ನೋಡಿದ. ಕುಯ್ಲಿನ ಕಾಲ, ಮೂಟೆ ಹೊತ್ತು ಬಂದಿದ್ದ ಆಳುಗಳೆಲ್ಲ ತಕ್ಕಡಿಯ ಸುತ್ತ ಸಾಲಾಗಿ ನಿಂತಿದ್ದರು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ, ಆದೀತು, ಆದರೆ ಅದನ್ನು ಕೂರುವವರ ತೂಕ ನೋಡಿಯೇ ಮಾಡಬೇಕು ಎಂದಳು. ಅವನು ಟೋಪಿಯನ್ನು ಕಾರಿನ ಮೇಲಿಟ್ಟ. ಆಮೇಲೆ ಹೋಗಿ ಹಲಗೆಯ ಮೇಲೆ ಕೂತ. ರೈಟರು ಕಲ್ಲುಗಳನ್ನಿಟ್ಟರು, ಮುಳ್ಳು ನಿಲ್ಲುವವರೆಗೆ ಕಾದರು, ಮತ್ತು ಕಾಫಿ ತೂಕ ಕೂಗುವ ಹಾಗೆಯೇ ಕೂಗಿದರು.