ಮೊಮ್ಮಗ ಧಾರೆಯಾಗಿ ಉಚ್ಚೆ ಹೊಯ್ದ ದಿನ

ಎಚ್.ಡಿ. ಕೋಟೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು ನಾನು. ನಿವೃತ್ತಳಾಗಿ ಹುಣಸೂರಿಗೆ ಬಂದ ಮೇಲೂ ಗಡಿಯಾರ ನೋಡಿಯೇ ಏಳುವುದು, ಉಣ್ಣುವುದು. ಮಗಳ ಬಾಣಂತನವನ್ನೂ ಹಾಗೆಯೇ ನಡೆಸಿದೆ. ಮಗುವಿಗೆ ಎಣ್ಣೆ ಹಚ್ಚಲು ಒಂದು ಹೊತ್ತು, ನೀರು ಹಾಕಲು ಒಂದು ಹೊತ್ತು, ಬಟ್ಟೆ ಮುಟ್ಟಿ ನೋಡಲು ಇಂತಿಷ್ಟು ಹೊತ್ತಿಗೊಮ್ಮೆ. “ಅಮ್ಮ, ಇವನೇನು ನಿನ್ನ ಹಾಸ್ಟೆಲಿಗೆ ಸೇರಿದ್ದಾನಾ?” ಎಂದು ಮಗಳು ನಗುತ್ತಿದ್ದಳು.

ಹೀಗೆ ಮುಟ್ಟಿ ನೋಡುತ್ತಿದ್ದುದರಿಂದಲೇ ಒಂದು ವಿಷಯ ಗಮನಕ್ಕೆ ಬಂತು. ಮಕ್ಕಳ ಬಟ್ಟೆ ಒಂದು ಸಲ ಒಣಗಿರುತ್ತದೆ, ಇನ್ನೊಂದು ಸಲ ಪೂರ್ತಿ ತೊಯ್ದಿರುತ್ತದೆ. ಇವನದು ಯಾವಾಗ ಮುಟ್ಟಿದರೂ ಸ್ವಲ್ಪವೇ ಒದ್ದೆ. ಕಾಲು ಚಾಚಿ ಕೂತು ಮಡಿಲಲ್ಲಿ ಮಲಗಿಸಿಕೊಂಡು ನೀರು ಹಾಕುವಾಗ ಗಂಡುಮಕ್ಕಳು ನಮ್ಮ ಮುಖಕ್ಕೆ ಒಮ್ಮೆಯಾದರೂ ಉಚ್ಚೆ ಹಾರಿಸದೆ ಬಿಡುವುದಿಲ್ಲ. ಇವನು ಮುಖ ಕೆಂಪಗೆ ಮಾಡಿಕೊಂಡು ತಿಣುಕುತ್ತಿದ್ದ. ನಾಲ್ಕು ಹನಿ ತೊಟ್ಟಿಕ್ಕಿ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಹೊಕ್ಕುಳ ಕೆಳಗೆ ಕೈಯಾಡಿಸಿದರೆ ನಿಂಬೆಹಣ್ಣಿನಂಥ ಗಟ್ಟಿ ಗಂಟು ಸಿಕ್ಕಿತು.

ಮಗಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಕೆ.ಆರ್. ನಗರದ ಕಡೆಯ ತಮ್ಮ ಹಳ್ಳಿಯಿಂದ ಮಗು ನೋಡಲು ಬಂದಿದ್ದರು. ಗದ್ದೆಗೆ ತಾವೇ ನೀರು ಹಾಯಿಸುವ, ದೊಡ್ಡ ಗಂಟಲಿನ ಹೆಂಗಸು.

“ಉಷ್ಣ ಕಣ್ರೀ ಇದು. ಹೊಕ್ಳಿಗೆ ಅರಳೆಣ್ಣೆ ಆಕಿ, ಸರೋಯ್ತದೆ,” ಎಂದರು.

“ಅದೂ ಹಾಕಿದ್ದಾಯ್ತು. ಈಗ ಡಾಕ್ಟರಿಗೆ ತೋರಿಸ್ತೀನಿ.”

ಪಕ್ಕದ ಬೀದಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿದ್ದೇ, ನಾಳೆಗೆ ಕಾಯಬೇಡಿ, ಮೈಸೂರಿನ ದೊಡ್ಡಾಸ್ಪತ್ರೆಗೆ ಹೊರಡಿ, ತಡವಾದರೆ ಕಿಡ್ನಿ ಕೆಡಬಹುದು ಎಂದುಬಿಟ್ಟರು.

ಮೈಸೂರಿಗೆ ಹೋಗಲು ನಮ್ಮ ಮನೆಯಿಂದ ಲಕ್ಷ್ಮಣತೀರ್ಥ ಹೊಳೆಯ ಸೇತುವೆ ದಾಟಬೇಕು. ಬೀಗಿತ್ತಿ ಬಾಗಿಲಿಗೆ ಅಡ್ಡ ನಿಂತರು. “ಎಸರಿಡಕ್ ಮುಂಚೆ ಅಸಿ ಮಗೀನ ಒಳೆ ದಾಟ್ಸಾದುಂಟಾ? ನಮ್ ವಂಸದಲ್ಲೇ ಇಲ್ಲ.”

ಅತ್ತೆಗೆ ಎಂದೂ ಎದುರಾಡದ ನನ್ನ ಮಗಳು ಮೆಲ್ಲಗೆ ಅಂದಳು: “ಅತ್ತೆ, ಹೆಸರಿಡಕ್ಕೆ ಮಗು ಇರಬೇಕಲ್ವಾ?”

ಬೀಗಿತ್ತಿ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಕೈ ಚಾಚಿದರು. “ತತ್ತಾ ಇಲ್ಲಿ. ನನ್ ಮಡ್ಲಾಗಿದ್ರೆ ಒಳೆ ದಾಟ್ದೋಳು ನಾನು, ಅವ್ನಲ್ಲ.”

ಸೇತುವೆ ಬಂದಾಗ ಮಗುವಿಗೆ ಸೆರಗು ಮುಚ್ಚಿ, “ಬೇಗ ಓಡ್ಸಪ್ಪಾ, ಒಳೆಗೆ ಗೊತ್ತಾಗದು ಬ್ಯಾಡ,” ಎಂದು ಕಾರಿನವನಿಗೆ ಹೇಳಿದರು. ಅಷ್ಟು ಆತಂಕದಲ್ಲೂ ನಾನು, ಮಗಳು ಇಬ್ಬರೂ ನಕ್ಕುಬಿಟ್ಟೆವು.

ಆಸ್ಪತ್ರೆಯಲ್ಲಿ ಮೊದಲು ಒಂದು ಸಣ್ಣ ಕೊಳವೆ ಇಳಿಸಿ ತುಂಬಿದ್ದ ಮೂತ್ರ ಹೊರತೆಗೆದರು. ಸ್ಕ್ಯಾನ್ ಮಾಡಿ ನೋಡಿದರೆ ಎರಡೂ ಕಿಡ್ನಿ ಊದಿಕೊಂಡಿದ್ದವು. ಮಕ್ಕಳ ಶಸ್ತ್ರಚಿಕಿತ್ಸೆಯ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದಳು. ಮೂತ್ರ ಇಳಿಯುವ ದಾರಿಯಲ್ಲಿ ತೆಳ್ಳನೆಯ ಪೊರೆ ಬೆಳೆದು ಅಡ್ಡವಾಗಿದೆ. ಗಂಡುಮಕ್ಕಳಿಗೆ ಮಾತ್ರ ಬರುವ ತೊಂದರೆ.

“ಗರ್ಭದಲ್ಲೇ ಆಗಿರುತ್ತೆ. ಕೆಲವು ಸಲ ಬಸುರಿ ಸ್ಕ್ಯಾನಿಂಗಲ್ಲೇ ಗೊತ್ತಾಗುತ್ತೆ, ಕೆಲವು ಸಲ ಆಗಲ್ಲ. ಯಾರ ತಪ್ಪೂ ಅಲ್ಲ,” ಎಂದಳು.

ಬಸುರಿಯಾಗಿದ್ದಾಗ ತಾನು ಪರಂಗಿಹಣ್ಣು ತಿಂದದ್ದಕ್ಕೇ ಹೀಗಾಯಿತೆಂದು ಒಳಗೊಳಗೇ ಕೊರಗುತ್ತಿದ್ದ ಮಗಳು ಅದನ್ನು ಕೇಳಿ ಸಮಾಧಾನದ ಉಸಿರುಬಿಟ್ಟಳು.

ಬೀಗಿತ್ತಿ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಅಂಗಾದ್ರೆ ಕಾಲ್ವೇಲಿ ಗೋಣಿಚೀಲ ಸಿಕ್ಕಾಕೊಂಡಂಗೆ. ಮುಂದಕ್ಕೆ ಜಿನುಗ್ತದೆ, ಹಿಂದಕ್ಕೆ ಏರಿ ಮಟ ನಿಂತ್ಕತದೆ. ಅಲ್ವರಾ ತಾಯಿ?”

“ಅದೇ ಅಮ್ಮ.”

“ಮತ್ತೆ ನೋಡ್ತಾ ಕೂತಿದ್ದೀಯಲ್ಲ! ಚೀಲ ಎಳ್ದಾಕು.”

ಮೂತ್ರದಲ್ಲಿ ಸೋಂಕೂ ಇತ್ತು. ಅದು ಇಳಿದು ರಕ್ತದ ಪರೀಕ್ಷೆ ಸುಧಾರಿಸುವವರೆಗೆ ಕಾದು, ಆಮೇಲೆ ಎಳೆದುಹಾಕಿದರು. ಹೊಟ್ಟೆ ಕೊಯ್ಯಲಿಲ್ಲ. ಮೂತ್ರದ ದಾರಿಯಲ್ಲೇ ಸಣ್ಣ ದುರ್ಬೀನು ಇಳಿಸಿ ಪೊರೆ ಕತ್ತರಿಸಿದರು. ಕೆಲವು ದಿನ ಕೊಳವೆ ಇತ್ತು. ಅದನ್ನು ತೆಗೆದ ಬೆಳಿಗ್ಗೆ, ಅವನು ತಾನಾಗಿಯೇ ಹೊಯ್ಯುತ್ತಾನೋ ಇಲ್ಲವೋ ಎಂದು ನಾವು ಮೂವರೂ ಮಂಚ ಸುತ್ತುವರಿದು ಕೂತೆವು. ಮಗಳು ಹಾಲೂಡಿಸಿದಳು. ಬೀಗಿತ್ತಿ ಎತ್ತಿಕೊಂಡು ಬೆನ್ನು ತಟ್ಟಿದರು. ಏನೂ ಇಲ್ಲ. ನಾನು ಗಡಿಯಾರ ನೋಡುವುದನ್ನೇ ಬಿಟ್ಟೆ.

ಇದ್ದಕ್ಕಿದ್ದಂತೆ ಧಾರೆ ಎದ್ದಿತು. ಬೀಗಿತ್ತಿಯ ಗಲ್ಲ, ರವಿಕೆ, ಹೊಸ ಸೀರೆ, ಎಲ್ಲವೂ ನೆನೆದವು. ನರ್ಸ್ ಬಟ್ಟೆ ತಂದರೆ ಅವರು ಕೂಗಿದರು: “ಬುಡು ಬುಡು, ಒರೆಸ್ಬ್ಯಾಡ! ಇನ್ನೂ ಉಯ್ಯಲಿ. ಉಯ್ಯೋ ನನ್ ಮುದ್ದೂ!” ವಾರ್ಡಿನ ತಾಯಂದಿರೆಲ್ಲ ನಕ್ಕರು. ಮಗಳು ನಗುತ್ತಾ ನಗುತ್ತಾ ಅತ್ತಳು.

ಅಡ್ಡಿ ಹೋಯಿತೆಂದರೆ ಮುಗಿಯಿತು ಎಂದಲ್ಲ. ಕಿಡ್ನಿ ಮತ್ತು ಮೂತ್ರಕೋಶದ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟಿರಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಈಗ ಅವನು ಅಂಗನವಾಡಿಗೆ ಹೋಗುತ್ತಾನೆ. ಉಚ್ಚೆ ಬರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಹೋಗಿ ಹೊಯ್ಯಬೇಕು. ಮುಗಿದ ಮೇಲೆ ಒಂದು ನಿಮಿಷ ನಿಂತು ಮತ್ತೊಮ್ಮೆ ಪ್ರಯತ್ನಿಸಬೇಕು. ನನ್ನ ಕೈಗೆ ಇದಕ್ಕಿಂತ ಹೇಳಿ ಮಾಡಿಸಿದ ಕೆಲಸ ಬೇರೆ ಸಿಗುತ್ತಿರಲಿಲ್ಲ.

ಮೊನ್ನೆ ಮತ್ತೆ ಸ್ಕ್ಯಾನಿಗೆ ಹೋಗಿದ್ದೆವು. ನೀರು ಕುಡಿಸಿ ಒಮ್ಮೆ ನೋಡಿದರು, ಉಚ್ಚೆ ಹೊಯ್ಯಿಸಿ ಇನ್ನೊಮ್ಮೆ ನೋಡಿದರು. ಅದೇ ಡಾಕ್ಟರು ಪರದೆ ನಮ್ಮ ಕಡೆ ತಿರುಗಿಸಿದಳು. “ಕಿಡ್ನಿ ಊತ ಬಹಳ ಇಳಿದಿದೆ. ಮೂತ್ರಕೋಶ ನೋಡಿ, ಪೂರ್ತಿ ಖಾಲಿ.”

“ಖಾಲಿ ಅಂದಿದ್ಕೆ ಇಷ್ಟು ಕುಸಿಪಡೋ ಮನೆ ನಮ್ದೊಂದೇ ಇರ್ಬೇಕು ಕಣ್ರೀ,” ಎಂದರು ಬೀಗಿತ್ತಿ.

ಹೊರಗೆ ಬಂದಾಗ ಅವನು ನನ್ನ ಸೆರಗು ಜಗ್ಗಿದ. “ಅಜ್ಜೀ, ಖಾಲಿ ಆಯ್ತಲ್ಲ, ಈಗ ಎಳನೀರು ಕೊಡ್ಸು.”

ಊಟದ ಹೊತ್ತಾಗಿತ್ತು. ಆದರೂ ಕೊಡಿಸಿದೆ, ಎರಡು.