ಹಿಂದಿನ ಮೇಜು

ಕಪ್ಪು-ಬಸಿ ಮಾಡುವ ಕಾರ್ಖಾನೆಗೆ ಸೇರಿದ ಮೊದಲ ವಾರದಲ್ಲೇ ಇದನ್ನು ಬರೆಯುತ್ತಿರುವ ಮಹಾಶಯ ಒಂದು ದೊಡ್ಡ ಸತ್ಯವನ್ನು ಕಂಡುಹಿಡಿದಿದ್ದ: ಈ ಕಾರ್ಖಾನೆ ಮುಳುಗುತ್ತಿದೆ. ಅವನನ್ನು ಕೂರಿಸಿದ್ದು ಹಿಂದಿನ ಮೇಜಿಗೆ. ಭಟ್ಟಿಯಿಂದ ಬಂದ ಕಪ್ಪುಗಳಲ್ಲಿ ಬಿರುಕು ಬಿಟ್ಟವು, ಹಿಡಿ ಸೊಟ್ಟಗಾದವು, ಮೈಮೇಲೆ ಸೂಜಿ ಚುಚ್ಚಿದಂತೆ ತೂತು ಬಿದ್ದವು ಎಲ್ಲವೂ ಅಲ್ಲಿಗೆ ಬರುತ್ತವೆ. ಅವನ್ನು ಬೇರೆ ಬೇರೆ ಬುಟ್ಟಿಗೆ ಹಾಕಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವನು ನೋಡಿದ್ದೆಲ್ಲ ಕೆಟ್ಟದ್ದೇ, ನೆಟ್ಟಗಿರುವ ಒಂದು ಕಪ್ಪೂ ಕಣ್ಣಿಗೆ ಬೀಳಲಿಲ್ಲ. ಮೊದಲ ಸಂಬಳಕ್ಕೆ ಮುಂಚೆಯೇ ಬಾಗಿಲು ಹಾಕುತ್ತಾರೆಂದು ತೀರ್ಮಾನಿಸಿ, ಊಟದ ಬಿಡುವಿನಲ್ಲಿ ಪಕ್ಕದ ಬಿಸ್ಕತ್ತು ಕಾರ್ಖಾನೆಗೆ ಹೋಗಿ ಕೆಲಸ ಕೇಳಿಕೊಂಡು ಬಂದ. ಕ್ಯಾಂಟೀನಿನಲ್ಲಿ ತನಗೆ ಮಾತ್ರ ಸ್ಟೀಲ್ ಲೋಟದಲ್ಲಿ ಚಹಾ ಬೇಕೆಂದು ಹಟ ಹಿಡಿದ.

ಅವನ ಸ್ಟೀಲ್ ಲೋಟ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ಠಣ್ಣಕ್ಕ.

ಹೊಟ್ಟೆ ಹಿಡಿದುಕೊಂಡು ಎಂಬುದು ಬರೀ ಮಾತಿಗೆ ಹೇಳಿದ್ದಲ್ಲ, ಆಗಲೇ ಅವಳಿಗೆ ಹೊಟ್ಟೆ ಕಾಣುವಷ್ಟು ಬಂದಿತ್ತು. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ನಿಂತ ಮೊದಲ ಬಸಿರು. ಕೆಲಸ ಮುಂದಿನ ಮೇಜಿನಲ್ಲಿ. ಎಡಗೈಯಲ್ಲಿ ಕಪ್ಪು, ಬಲಗೈಯಲ್ಲಿ ಪುಟ್ಟ ಮರದ ಕಡ್ಡಿ. ತಟ್ಟಿದರೆ ಒಳ್ಳೆಯದು ಠಣ್ ಎನ್ನುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದದ್ದು ನೆಗಡಿಯಾದವರ ಹಾಗೆ ಗೊರಗೊರ ಎನ್ನುತ್ತದೆ. ಹೆಸರು ಅಂಟಿದ್ದು ಅಲ್ಲಿಂದ. ಮನೆಯಲ್ಲಿ ಗಂಡನೂ ಜಗಳವಾಡುವಾಗ ಹಾಗೇ ಕರೆಯುತ್ತಿದ್ದನಂತೆ.

"ಬಾರಪ್ಪ, ಮೇಧಾವಿ," ಎಂದಳು. "ಗೋಡೌನ್ ನೋಡ್ಕೊಂಡು ಬರೋಣ."

ಹಿಂದಿನ ಮೇಜಿಗೆ ಬಂದ ಪ್ರತಿಯೊಬ್ಬರಿಗೂ ಈ ಕಾಯಿಲೆ ತಗಲುತ್ತದೆ, ಔಷಧಿಯೂ ಎಲ್ಲರಿಗೂ ಒಂದೇ. ಠಣ್ಣಕ್ಕ ಅವರನ್ನು ಪ್ಯಾಕಿಂಗ್ ಹಾಲ್ ದಾಟಿಸಿ ಗೋಡೌನಿನ ಬಾಗಿಲು ತೆರೆದು ನಿಲ್ಲಿಸುತ್ತಾಳೆ. ನೆಲದಿಂದ ಸೂರಿನವರೆಗೆ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯ ತುಂಬ ನೆಟ್ಟಗಿರುವ ಕಪ್ಪುಗಳು. "ಇವೆಲ್ಲ ನಿನ್ನ ಮೇಜಿಗೆ ಬರ್ಲಿಲ್ಲ ನೋಡು, ಅದಕ್ಕೆ ನಿಂಗೆ ಗೊತ್ತಿಲ್ಲ," ಎನ್ನುತ್ತಾಳೆ. ಮಹಾಶಯ ಬಾಯಿ ಮುಚ್ಚಿಕೊಂಡು ಬಿಸ್ಕತ್ತಿನ ಆಸೆ ಬಿಟ್ಟ.

ಇಷ್ಟು ಜನರಿಗೆ ಗೋಡೌನ್ ತೋರಿಸಿದವಳಿಗೇ ಒಂದು ದಿನ ಆ ದಾರಿ ಮರೆತುಹೋಯಿತು.

ಸ್ಕ್ಯಾನ್ ಮಾಡಿದ ದಿನ ಡಾಕ್ಟರಮ್ಮ ಹೇಳಿದ್ದು ಸರಳವಾದ ಮಾತು. "ಮಗು ತಲೆ ಮೇಲೆ ಮಾಡ್ಕೊಂಡು ಕೂತಿದೆ. ತಿರುಗೋಕೆ ಇನ್ನೂ ಟೈಮ್ ಇದೆ. ತಿರುಗದೇ ಇದ್ರೆ, ತಿಂಗಳು ತುಂಬಿದ ಮೇಲೆ ಆಪರೇಷನ್ ಮಾಡ್ತೀವಿ. ಗಾಬರಿ ಬೇಡ." ಇಷ್ಟರಲ್ಲಿ ಠಣ್ಣಕ್ಕನ ಕಿವಿಗೆ ಹೋದದ್ದು ಎರಡೇ ಪದ: ಆಪರೇಷನ್, ಗಾಬರಿ.

ಅದೇ ಸಂಜೆ ಟೀವಿಯಲ್ಲಿ ಸುದ್ದಿ. ಯಾವುದೋ ದೂರದ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ ತೀರಿಕೊಂಡಿದ್ದಳು. ಒಂದೇ ಫೋಟೋ, ಅಳುವ ಅದೇ ಮುಖಗಳು, ಚಾನೆಲ್ ಬದಲಿಸಿದರೆ ಮತ್ತೆ ಅವರೇ. ಸತ್ತವಳು ಒಬ್ಬಳೇ ಆದರೂ ರಾತ್ರಿ ಊಟದ ಹೊತ್ತಿಗೆ ಹತ್ತಾರು ಸಲ ಸತ್ತಿದ್ದಳು. ಅದು ಸಾಲದೆಂಬಂತೆ, ಶಾಲೆಯ ವ್ಯಾನ್ ಓಡಿಸುವ ಗಂಡ ಫೋನಿನಲ್ಲಿಯೂ ಅಂಥದೇ ಸುದ್ದಿ ಹುಡುಕತೊಡಗಿದ. ಒಂದು ಸಲ ಹುಡುಕಿದ್ದೇ ತಡ, ಫೋನು ತಾನೇ ಅಂಥವನ್ನು ಹುಡುಕಿ ಹುಡುಕಿ ತಂದು ಅವನ ಮುಂದೆ ಸುರಿಯಿತು.

"ಅದನ್ನ ಆಚೆ ಇಡೋ, ಪಾಪ ಅವಳ ಮುಖ ನೋಡು," ಎಂದು ಅತ್ತೆ ಗದರಿದರು. ಗದರಿ, ತಾವೇ ಹೋಗಿ ಅವನ ಹೆಗಲ ಮೇಲಿಂದ ಇಣುಕಿದರು.

ಕ್ಯಾಂಟೀನಿನಲ್ಲಿ ಕತೆಗಳಿಗೆ ಬರವೇ? ಬಣ್ಣ ಹಚ್ಚುವ ವಿಭಾಗದ ಹೆಂಗಸೊಬ್ಬಳು ಪಕ್ಕಕ್ಕೆ ಬಂದು ಕೂತು, "ನಮ್ಮ ನಾದಿನಿ ಓರಗಿತ್ತಿದೂ ಹೀಗೇ ಕಣ್ರೀ, ಮಗು ಉಲ್ಟಾ..." ಎಂದು ನಿಲ್ಲಿಸಿದಳು.

"ಆಮೇಲೆ?"

"ಬೇಡ ಬಿಡಿ. ಬಸುರಿ ಹೆಂಗಸಿಗೆ ಅದೆಲ್ಲ ಹೇಳ್ಬಾರ್ದು." ಎಂದು ನಿಟ್ಟುಸಿರು ಬಿಟ್ಟು, ಬಸುರಿ ಹೆಂಗಸಿನ ತಟ್ಟೆಯಿಂದಲೇ ಒಂದು ಬಾಳೆಹಣ್ಣು ಎತ್ತಿಕೊಂಡು ಹೋದಳು.

ಹೇಳದೆ ಬಿಟ್ಟ ಕತೆ ಹೇಳಿದ ಕತೆಗಿಂತ ಉದ್ದ. ಠಣ್ಣಕ್ಕ ಅದನ್ನು ರಾತ್ರಿಯಿಡೀ ತಾನೇ ಕಟ್ಟಿ ಮುಗಿಸಿದಳು. ಊಟವನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದಳು. ಮುಂದಿನ ತಪಾಸಣೆಗೆ ರಕ್ತದೊತ್ತಡ ಏರಿತ್ತು. "ಹೀಗೇ ಆದ್ರೆ ಈಗ್ಲೇ ಅಡ್ಮಿಟ್ ಮಾಡ್ಕೋಬೇಕಾಗತ್ತೆ," ಎಂದರು ಡಾಕ್ಟರಮ್ಮ. ಆ ರಾತ್ರಿ ಗಂಡ ಉಪಾಯ ತಂದ.

"ಫ್ರೆಂಡಿಗೆ ಗೊತ್ತಿರೋ ನರ್ಸಿಂಗ್ ಹೋಮ್ ಇದೆ. ಈ ವಾರಾನೇ ಆಪರೇಷನ್ ಮಾಡಿ ತೆಗೆದುಬಿಡ್ತಾರಂತೆ. ಕತೇನೇ ಮುಗೀತು."

"ಇನ್ನೂ ತಿಂಗಳು ತುಂಬಿಲ್ಲ."

"ತುಂಬೋ ತನಕ ಕಾದು ಏನಾದ್ರೂ ಆದ್ರೆ?"

ಬಲಿಯದ ಮಗುವನ್ನು ಅವಸರಕ್ಕೆ ಹೊರಗೆಳೆಯುವುದು ಸರಿಯಲ್ಲವೆಂದು ಅವಳ ಬುದ್ಧಿಗೆ ಗೊತ್ತು, ಆದರೆ ಕಾಯಲು ಬೇಕಾದ ಧೈರ್ಯ ಎಲ್ಲೋ ಸೋರಿಹೋಗಿತ್ತು. ನಾಳೆ ಸಂಜೆ ಹೇಳುತ್ತೇನೆ ಎಂದಳು. ಹೂಂ ಎನ್ನುವುದೆಂದು ಮನಸ್ಸಿನಲ್ಲೇ ಗಟ್ಟಿಯಾಗಿತ್ತು.

ಮರುದಿನ ಪ್ಯಾಕಿಂಗ್ ದೊಡ್ಡಮ್ಮ ಒಂದು ಕಪ್ಪು ಹಿಡಿದುಕೊಂಡು ಮುಂದಿನ ಮೇಜಿಗೆ ಬಂದರು. ಪ್ಯಾಕಿಂಗ್ ಹಾಲಿನ ಹಿರಿಯಾಳು ಆಕೆ, ಆಳೆತ್ತರದ ಪೆಟ್ಟಿಗೆಯನ್ನು ಸೊಂಟದಿಂದಲೇ ತಳ್ಳುವ ದೇಹ. ಮಾತು ಅಪರೂಪ. ಕಪ್ಪನ್ನು ಉಗುರಿನಿಂದ ತಟ್ಟಿದರು. ಗೊರ್ ಎಂದಿತು.

"ಇದು ನಿನ್ನ ಕೈ ದಾಟಿ ಬಂದಿದೆ. ಕಿವೀನ ಮನೇಲಿ ಬಿಟ್ಟು ಬಂದ್ಯಾ?"

ಇಷ್ಟು ವರ್ಷದಲ್ಲಿ ಅವಳ ಕಡ್ಡಿ ತಪ್ಪಿದ್ದು ಅದೇ ಮೊದಲು. ಠಣ್ಣಕ್ಕನಿಗೆ ಅಳು ಒತ್ತರಿಸಿ ಬಂತು. ಕಪ್ಪಿನ ರಾಶಿಯ ಮುಂದೆ ನಿಂತೇ ಎಲ್ಲ ಹೇಳಿಕೊಂಡಳು: ಉಲ್ಟಾ ಕೂತ ಮಗು, ಟೀವಿಯ ಹೆಣ್ಣು, ನಾದಿನಿಯ ಓರಗಿತ್ತಿ, ಈ ವಾರದ ಆಪರೇಷನ್. ದೊಡ್ಡಮ್ಮ ಸಮಾಧಾನ ಹೇಳಲಿಲ್ಲ.

"ನೀನು ಹಿಂದಿನ ಮೇಜಿಗೆ ಕೂತಿದ್ದೀಯ ಕಣೆ," ಎಂದರು. "ಬಾ ನನ್ಜೊತೆ."

ಪ್ಯಾಕಿಂಗ್ ಹಾಲಿನಲ್ಲಿ ಹೆಂಗಸರು ಸಾಲಾಗಿ ನಿಂತು ಕಪ್ಪುಗಳಿಗೆ ಕಾಗದ ಸುತ್ತುತ್ತಿದ್ದರು. ಬಾಗಿಲಲ್ಲೇ ದೊಡ್ಡಮ್ಮ ಕೂಗಿದರು: "ರೀ, ಹೆರಿಗೆ ಹೇಗಾಯ್ತು ಅಂತ ಇವಳಿಗೆ ಒಬ್ಬೊಬ್ರೇ ಹೇಳಿ!"

ಹೆಂಗಸರು ಮುಖ ಮುಖ ನೋಡಿಕೊಂಡರು. "ಹೇಗಾಯ್ತು ಅಂದ್ರೆ? ಆಯ್ತು," ಎಂದಳು ಮೊದಲನೆಯವಳು. "ನೋವು ತಡೀದೆ ಗಂಡನ್ನ ಬೈದೆ, ಅಷ್ಟೇ ನೆನಪು," ಎಂದಳು ಪಕ್ಕದವಳು. "ನಂದು ಆಪರೇಷನ್ನೇ. ಎದ್ದಾಗ ವಿಪರೀತ ಹಸಿವು, ಊಟಾನೇ ಕೊಡ್ಲಿಲ್ಲ ಹಾಳಾದವ್ರು." "ನಮ್ಮ ಎರಡನೇದು ಉಲ್ಟಾನೇ ಇತ್ತು. ಈಗ್ಲೂ ಹಾಗೇ, ಹೇಳಿದ ಒಂದು ಮಾತೂ ಕೇಳಲ್ಲ." ಸಾಲು ಮುಗಿಯುವ ಹೊತ್ತಿಗೆ ಹಾಲೆಲ್ಲ ನಗು. ಒಬ್ಬಳು ಮಾತ್ರ ನಗಲಿಲ್ಲ. ಅವಳ ಮಗು ಹುಟ್ಟಿದ ಕೂಡಲೇ ಹೋಗಿತ್ತು. ಅವಳು ಕಾಗದ ಕೆಳಗಿಟ್ಟು ಬಂದು ಠಣ್ಣಕ್ಕನ ಕೈ ಹಿಡಿದು, "ನಂಗೆ ರಕ್ತ ಕಾಣಿಸ್ಕೊಂಡಾಗ ನಾಳೆ ಹೋದ್ರಾಯ್ತು ಅಂದಿದ್ರು ಮನೇಲಿ. ನೀನು ನಾಳೆ ಅನ್ಬೇಡ," ಎಂದಳು.

ಇಷ್ಟು ವರ್ಷ ಇವರ ಜೊತೆ ಊಟ ಮಾಡಿದ್ದಳು ಠಣ್ಣಕ್ಕ. ಯಾರೂ ತಮ್ಮ ಹೆರಿಗೆಯ ಕತೆ ಹೇಳಿರಲಿಲ್ಲ. ಸುಸೂತ್ರವಾಗಿ ಆದದ್ದರಲ್ಲಿ ಹೇಳುವುದಕ್ಕೇನಿದೆ? ಪೆಟ್ಟಿಗೆಯೊಳಗಿನ ಕಪ್ಪುಗಳ ಹಾಗೆ ಅವು ಸುಮ್ಮನಿದ್ದವು. ನಿಜವಾಗಿ ಒಡೆದದ್ದೂ ಇತ್ತು, ಇಲ್ಲವೆಂದಲ್ಲ. ಆದರೆ ಹೀಗೆ ಕೈ ಹಿಡಿದು ಹೇಳಿದ ಕತೆಯಲ್ಲಿ ಏನು ಮಾಡಬೇಕೆಂಬುದೂ ಇತ್ತು. ಟೀವಿಯ ಕತೆಯಲ್ಲಿ ಹೆದರುವುದೊಂದೇ ಇದ್ದದ್ದು.

ಸಂಜೆ ಗಂಡನಿಗೆ, "ಡಾಕ್ಟರಮ್ಮನ ಹತ್ರ ಹೋಗೋಣ ನಡೀರಿ, ಇಬ್ಬರೂ," ಎಂದಳು. ಅಲ್ಲಿ ಕೂತು ಕೇಳಿದ್ದು ಬರೀ ಕೆಲಸದ ಪ್ರಶ್ನೆಗಳನ್ನು. ಕಾಯುವಾಗ ಏನು ಕಂಡರೆ ಓಡಿಬರಬೇಕು? ನಡುರಾತ್ರಿಯಾದರೆ ಯಾರಿರುತ್ತಾರೆ? ರಕ್ತ ಬೇಕಾದರೆ ಎಲ್ಲಿಂದ? ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಒಂದೊಂದಕ್ಕೂ ಉತ್ತರಿಸಿದರು. ಕೊನೆಯಲ್ಲಿ ಗಂಡ, "ಈ ವಾರಾನೇ ತೆಗೆದುಬಿಟ್ರೆ..." ಎಂದು ರಾಗ ಎಳೆದ.

"ಕಾರಣ ಇದ್ರೆ ಈ ಕ್ಷಣಾನೇ ತೆಗೀತೀನಿ," ಎಂದರು ಅವರು. "ನಿಮಗೆ ನಿದ್ದೆ ಬರ್ತಿಲ್ಲ ಅನ್ನೋದು ಕಾರಣ ಅಲ್ಲ."

"ಕಾಯ್ತೀವಿ," ಎಂದಳು ಠಣ್ಣಕ್ಕ.

ಅಲ್ಲಿಂದ ಮುಂದೆ ಭಯ ಓಡಿಹೋಯಿತೆಂದು ಬರೆದರೆ ಅದು ಸುಳ್ಳು. ದಿನಾ ಬರುತ್ತಿತ್ತು, ಬಂದಾಗ ಅವಳು ಅದನ್ನೂ ತಟ್ಟಿ ನೋಡುತ್ತಿದ್ದಳು. ಕ್ಯಾಂಟೀನಿನವಳು ಮತ್ತೆ ನಿಟ್ಟುಸಿರು ಬಿಟ್ಟಾಗ, "ಆ ಓರಗಿತ್ತಿಗೆ ಏನಾಯ್ತು, ಪೂರ್ತಿ ಹೇಳಿ," ಎಂದಳು. ಎಳೆದು ಕೇಳಿದರೆ ಓರಗಿತ್ತಿ ಬದುಕಿದ್ದಳು, ಮಗುವೂ ಬದುಕಿತ್ತು, ಹೊಲಿಗೆ ಮಾಯಲು ಸ್ವಲ್ಪ ತಡವಾಗಿತ್ತಂತೆ. "ಅದಕ್ಕೇನಾ ನನ್ನ ಬಾಳೆಹಣ್ಣು ತಿಂದಿದ್ದು?" ಎಂದಳು ಠಣ್ಣಕ್ಕ. ಮನೆಯಲ್ಲಿ ಟೀವಿಯ ರಿಮೋಟು ಅತ್ತೆಯ ಸೆರಗಿನ ಗಂಟು ಸೇರಿತು. ಗಂಡನಿಗೆ ಫೋನಿನ ಬದಲು ವ್ಯಾನಿನ ಕೆಲಸ ಕೊಟ್ಟಳು: ದಿನಾ ರಾತ್ರಿ ಡೀಸೆಲ್ ನೋಡಿ, ಗಾಡಿಯ ಮುಖವನ್ನು ರಸ್ತೆಯ ಕಡೆ ಮಾಡಿ ನಿಲ್ಲಿಸುವುದು. ಹೆದರಿಕೆಗೆ ಒಂದು ಕೆಲಸ ಸಿಕ್ಕಿದ್ದರಿಂದ ಅವನಿಗೂ ನಿದ್ದೆ ಬರತೊಡಗಿತು. ಮುಂದಿನ ತಪಾಸಣೆಗೆ ರಕ್ತದೊತ್ತಡ ಇಳಿದಿತ್ತು.

ಮಗು ತಿರುಗಲಿಲ್ಲ. ಮೊಂಡುಬಿದ್ದು ಕೊನೆಯತನಕ ಕೂತೇ ಇತ್ತು. ತಿಂಗಳು ತುಂಬಿದ ಮೇಲೆ, ಹಗಲು ಹೊತ್ತಿನಲ್ಲಿ, ಹೇಳಿದ ಹಾಗೆಯೇ ಆಪರೇಷನ್ ಆಯಿತು. ಹೆಣ್ಣುಮಗು. ಮೊದಲ ಕೂಗು ಕೇಳಿದಾಗ ತಾಯಿ ಕಣ್ಣು ಮುಚ್ಚಿಕೊಂಡು ಆಲಿಸಿ, "ಬಿರುಕಿಲ್ಲ," ಎಂದಳಂತೆ. ಔಷಧಿಯ ಮತ್ತಿನಲ್ಲಿ ಏನೋ ಬಡಬಡಿಸುತ್ತಿದ್ದಾಳೆ ಅಂದುಕೊಂಡರು ನರ್ಸುಗಳು.

ಕಾರ್ಖಾನೆಯವರೆಲ್ಲ ಮಗು ನೋಡಲು ಹೋದಾಗ ಮಹಾಶಯನೂ ಹೋಗಿದ್ದ. ಅವಳು ಚಹಾ ಕೊಟ್ಟದ್ದು, ಅವನನ್ನೇ ದುರುಗುಟ್ಟಿ ನೋಡುತ್ತ, ಪಿಂಗಾಣಿ ಕಪ್ಪಿನಲ್ಲಿ. ಎಲ್ಲರೂ ಅವಳ ಧೈರ್ಯವನ್ನು ಹೊಗಳುತ್ತಿದ್ದರು. ಇವನಿಗೆ ನಾಲಿಗೆ ಸುಮ್ಮನಿರಬೇಕಲ್ಲ!

"ಅಕ್ಕಾ, ತಪ್ಪು ತಿಳ್ಕೋಬೇಡಿ," ಎಂದ. "ಆವತ್ತು ಆಪರೇಷನ್ ಮೇಜಿನ ಮೇಲೆ ಮಲಗಿದಾಗ, ಎಲ್ಲಾದ್ರೂ ಸತ್ತುಗಿತ್ತು ಹೋದ್ರೆ ಅಂತ ಹೆದರಿಕೆ ಆಗ್ಲಿಲ್ವಾ?"

ಅತ್ತೆ ಕೆಮ್ಮಿದರು. ಠಣ್ಣಕ್ಕ ಮಗುವನ್ನು ಹೆಗಲಿನಿಂದ ಹೆಗಲಿಗೆ ಬದಲಾಯಿಸಿದಳು.

"ಆಯ್ತಪ್ಪ. ಹೆದರಿಕೆ ಆಗ್ದೇ ಇದ್ದಿದ್ರೆ ಆಸ್ಪತ್ರೆಗೆ ಯಾಕೆ ಹೋಗ್ತಿದ್ದೆ? ಮನೇಲೇ ಹೆರ್ತಿದ್ದೆ."