ಮುಂದಿನ ಕೋಣೆಯ ಬೆಂಕಿ

ಇಂಗ್ಲೆಂಡಿನ ಕಾನ್ಸೆಟ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳ ತಟ್ಟೆಗೆ ಆಲೂಗಡ್ಡೆ ಬಡಿಸಿದವಳು ಡೋರೀನ್ ಹೆಸ್ಲಪ್. ಮದುವೆಯ ಮಾತು ಒಂದೆರಡು ಸಲ ಬಂದು, ಬಂದ ದಾರಿಯಲ್ಲೇ ಹೋಗಿತ್ತು. ಅಣ್ಣ ವಿಲ್ಫ್ ಕೂಡ ಒಂಟಿಯಾಗಿಯೇ ಉಳಿದ. ಅವನು ಬಸ್ ಓಡಿಸಿದ, ಇವಳು ಅಡುಗೆ ಮಾಡಿದಳು, ಸಂಜೆ ಇಬ್ಬರೂ ಸೇರಿ ಪತ್ರಿಕೆಯ ಪದಬಂಧ ತುಂಬಿದರು. ಹೊಸಬರು ಯಾರಾದರೂ ಗಂಡ ಹೆಂಡತಿ ಎಂದು ತಿಳಿದರೆ ವಿಲ್ಫ್ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಹೆಂಡತಿಯಾಗಿದ್ದರೆ ಯಾವತ್ತೋ ಬಿಟ್ಟು ಹೋಗಿರುತ್ತಿದ್ದಳು ಬಿಡಿ, ಎನ್ನುತ್ತಿದ್ದ.

ಆ ಡಿಸೆಂಬರಿನಲ್ಲಿ ವಿಲ್ಫ್‌ನ ಶ್ವಾಸಕೋಶ ಕೈಕೊಟ್ಟಿತು. ಏಳು ವಾರ ಆಸ್ಪತ್ರೆಯಲ್ಲಿದ್ದ. ಕೊನೆಗೆ ವೈದ್ಯರು ಮನೆಗೆ ಹೋಗಬಹುದು ಎಂದರು, ಆದರೆ ಅವನು ಮಲಗುವ ಕೋಣೆ ಹದಿನೆಂಟು ಡಿಗ್ರಿಗಿಂತ ಕೆಳಗೆ ಇಳಿಯಕೂಡದು. ಗುರುವಾರ ಹನ್ನೊಂದಕ್ಕೆ ಆಸ್ಪತ್ರೆಯಿಂದ ಒಬ್ಬರು ಬಂದು ಅಳೆದು ನೋಡುತ್ತಾರೆ. ಸರಿಯಿದ್ದರೆ ಮನೆ. ಇಲ್ಲದಿದ್ದರೆ ನಲವತ್ತು ಮೈಲಿ ದೂರ, ಸಮುದ್ರದ ಬದಿಯ ಆರೈಕೆ ನಿಲಯದಲ್ಲಿ ಒಂದು ಹಾಸಿಗೆ ಖಾಲಿಯಿದೆ, ಅದನ್ನು ಗುರುವಾರ ದಾಟಿಸಿ ಕಾದಿರಿಸುವಂತಿಲ್ಲ. ಡೋರೀನ್‌ಳ ಮಣಿಕಟ್ಟು ಹಿಡಿದು ವಿಲ್ಫ್ ಹೇಳಿದ್ದು ಇಷ್ಟೇ: "ಮನೆಗೆ ಕರ್ಕೊಂಡು ಹೋಗು, ಡೋರಿ."

ಸೋಮವಾರ, ಮನೆಯನ್ನೆಲ್ಲ ಬೆಚ್ಚಗಿಡುತ್ತಿದ್ದ ಬಾಯ್ಲರ್ ನಿಂತಿತು.

ಮನೆಯ ಶಾಖವನ್ನು ಆಳುತ್ತಿದ್ದುದು ಸಾಬೂನು ಪೆಟ್ಟಿಗೆಯಷ್ಟು ದೊಡ್ಡ ಥರ್ಮೋಸ್ಟಾಟ್. ತಂತಿಯಿಲ್ಲ, ತಾನಿದ್ದಲ್ಲಿನ ಬಿಸಿ ನೋಡಿ ಗಾಳಿಯಲ್ಲೇ ಬಾಯ್ಲರಿಗೆ ಅಪ್ಪಣೆ ಕೊಡುತ್ತಿತ್ತು. ಬಂದವರನ್ನು ಕೂರಿಸುವ ಮುಂದಿನ ಕೋಣೆಯಲ್ಲಿ, ಗ್ಯಾಸ್ ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ ಅಮ್ಮನ ಗಡಿಯಾರದ ಪಕ್ಕ ಅದರ ಜಾಗ. ಅದು ಇಪ್ಪತ್ತೊಂದು ಬೇಕು ಎನ್ನುತ್ತಿದ್ದರೂ ಅಡುಗೆಮನೆಯಲ್ಲಿದ್ದ ಬಾಯ್ಲರ್ ಕಲ್ಲಿನಂತೆ ಕೂತಿತ್ತು. ಡೋರೀನ್ ಒತ್ತಡದ ಮುಳ್ಳು ನೋಡಿದಳು, ಗ್ಯಾಸ್ ನೋಡಿದಳು, ಸ್ವಿಚ್ಚು ಆರಿಸಿ ಹಚ್ಚಿದಳು. ಸರಿಪಡಿಸುವ ಕಂಪನಿಯವರು ಮುಂದಿನ ಬುಧವಾರ ಬರುತ್ತೇವೆಂದರು. ಪಕ್ಕದ ಮನೆಯ ನಾರ್ಮನ್ ಪ್ರೌಡ್‌ಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಆತ ಕನ್ನಡಕ ಏರಿಸಿಕೊಂಡು ಬಂದು ಥರ್ಮೋಸ್ಟಾಟ್ ಡಬ್ಬಿಗೆ ಹೊಸ ಬ್ಯಾಟರಿ ಹಾಕಿದ, ಬಾಯ್ಲರ್ ಬದಿಯ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದ. ಹಸಿರು ದೀಪ ಮಿಟುಕಿ ಸ್ಥಿರವಾಯಿತು.

"ಜಗಳ ಆಡ್ಕೊಂಡಿದ್ವು ಕಣಮ್ಮಾ. ನಾನೂ ನಮ್ಮ ಮನೆಯವಳೂ ಇದ್ದ ಹಾಗೆ," ಎಂದ. "ಪುಣ್ಯಕ್ಕೆ ಇವಕ್ಕೆ ಗುಂಡಿ ಇದೆ."

ಮಂಗಳವಾರ, ಬುಧವಾರ ಮನೆ ಬೆಚ್ಚಗಿತ್ತು. ವಿಲ್ಫ್‌ನ ಹಾಸಿಗೆಯ ಪಕ್ಕ ಡೋರೀನ್ ಇಟ್ಟಿದ್ದ ಮಾಪಕ ಇಪ್ಪತ್ತು ತೋರಿಸುತ್ತಿತ್ತು. ಗುರುವಾರ ಬೆಳಿಗ್ಗೆ ಏಳೂವರೆಗೆ ಮೇಲೆ ಹೋಗಿ, ಬಾಯ್ಲರಿನ ಬಿಸಿನೀರು ಹರಿಯುವ ಗೋಡೆಯ ರೇಡಿಯೇಟರ್ ಮುಟ್ಟಿದಳು. ಕೈ ಸುಡುತ್ತಿತ್ತು. ಹೊದಿಕೆಯ ಅಂಚು ಎಳೆದು ಸರಿಮಾಡಿ, ಕೆಳಗಿಳಿದು ಬಂದು, ಮುಂದಿನ ಕೋಣೆಯ ಬೆಂಕಿ ಹಚ್ಚಿದಳು.

ಆ ಕೋಣೆಯ ಬೆಂಕಿ ಮನೆಯವರಿಗಲ್ಲ. ಪಾದ್ರಿ ಬಂದಾಗ, ಡಾಕ್ಟರು ಬಂದಾಗ, ಅಮ್ಮನ ದೇಹ ಮನೆಯಿಂದ ಹೊರಟ ದಿನ ಬಂದವರಿಗಾಗಿ ಅದನ್ನು ಹಚ್ಚಿದ್ದರು. ಹೊರಗಿನವರನ್ನು ಬೆಂಕಿಯಿಲ್ಲದ ಕೋಣೆಯಲ್ಲಿ ಕೂರಿಸುವುದೆಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಂತೆ. ಡೋರೀನ್ ಒಳ್ಳೆಯ ಕಪ್ಪುಗಳನ್ನು ಜೋಡಿಸಿ, ಒಲೆಯಲ್ಲಿ ಚಹಾದ ಜೊತೆಗೆ ಸ್ಕೋನ್ ಬನ್ನು ಬೇಯಿಸುತ್ತ ಅಡುಗೆಮನೆಯಲ್ಲೇ ಉಳಿದಳು. ಒಲೆಯ ಬಿಸಿಗೆ ಅಂಗಿಯ ತೋಳು ಮಡಚಿಕೊಂಡಿದ್ದಳು. ಪಕ್ಕದಲ್ಲೇ ಬಾಯ್ಲರ್ ಸದ್ದಡಗಿದ್ದು ಅವಳ ಗಮನಕ್ಕೆ ಬರಲಿಲ್ಲ.

ಆಸ್ಪತ್ರೆಯಿಂದ ಬಂದವಳ ಹೆಸರು ಫಿಲಿಪಾ. ಒಳ್ಳೆಯ ಹೆಂಗಸು. ಸ್ಕೋನ್ ಹೊಗಳಿದಳು, ಕೋಣೆ ಎಷ್ಟು ಹಿತವಾಗಿದೆ ಎಂದಳು, ಆಮೇಲೆ ಮೇಲೆ ಹೋದಳು. ಅವಳ ಮಾಪಕ ಹದಿನೈದು ತೋರಿಸಿತು. ಡೋರೀನ್ ಇಟ್ಟದ್ದೂ ಹದಿನೈದೇ. ರೇಡಿಯೇಟರ್ ತಣ್ಣಗಿತ್ತು.

ಡೋರೀನ್ ಕೆಳಗೆ ಓಡಿದಳು. ಬ್ಯಾಟರಿ ತೆಗೆದು ಹಾಕಿದಳು, ಗುಂಡಿ ಒತ್ತಿ ಹತ್ತು ಎಣಿಸಿದಳು, ಮತ್ತೆ ಒತ್ತಿ ಇಪ್ಪತ್ತು ಎಣಿಸಿದಳು. ಹಸಿರು ದೀಪ ಮಿಟುಕಿ ಸ್ಥಿರವಾಯಿತು. ಬಾಯ್ಲರ್ ಮಾತ್ರ ಉಸಿರೆತ್ತಲಿಲ್ಲ. ಬೆಳಿಗ್ಗೆಯಷ್ಟೇ ಸರಿಯಿತ್ತು, ನೀವೇ ಬಂದು ಮುಟ್ಟಬಹುದಿತ್ತು ಎಂದು ಹೇಳುತ್ತಲೇ ಇದ್ದಳು. ಫಿಲಿಪಾ ಅವಳ ಕೈಯಿಂದ ಡಬ್ಬಿ ಬಿಡಿಸಿ ಹಲಗೆಯ ಮೇಲೆ ಇಟ್ಟಳು.

"ನಿಮ್ಮ ಮಾತು ನಂಬ್ತೀನಿ. ಆದರೆ ಇದು ಹೇಳದೆ ಕೇಳದೆ ನಿಲ್ಲುತ್ತೆ ಅಂದಮೇಲೆ, ಅವರನ್ನ ಹೇಗಮ್ಮ ಕಳಿಸ್ಲಿ?"

ಅವಳು ಹೋದ ಮೇಲೆ ನಾರ್ಮನ್ ಬಂದ. ಫಲಿತಾಂಶ ಕೇಳಲು ಬಂದವನು ಅಭ್ಯಾಸದಂತೆ ಬೆಂಕಿಯ ಮುಂದೆ ನಿಂತು ಕೈ ಉಜ್ಜಿಕೊಂಡ. ಇಲ್ಲೇ ಬ್ರೆಡ್ ಬೇಯಿಸಬಹುದಲ್ಲ ಎನ್ನುತ್ತ ತಲೆಯೆತ್ತಿದವನ ಕಣ್ಣು ಹಲಗೆಯ ಮೇಲೆ ನಿಂತಿತು. ನಗು ಹೋಯಿತು. ಡಬ್ಬಿಯನ್ನು ಎತ್ತಿಕೊಂಡು ಹೋಗಿ ಮೆಟ್ಟಿಲ ಕೆಳಗಿನ ತಣ್ಣನೆಯ ಜಾಗದಲ್ಲಿ ಇಟ್ಟ. ನಾಲ್ಕು ನಿಮಿಷದಲ್ಲಿ ಬಾಯ್ಲರ್ ಗುರ್ ಎಂದಿತು.

"ಕೆಟ್ಟಿರಲಿಲ್ಲ ಡೋರೀನ್," ಎಂದ ತಲೆ ತಗ್ಗಿಸಿ. "ಈ ಡಬ್ಬಿ ಬೆಂಕಿಯ ಮೇಲೆ ಕೂತು, ಮನೆಯೆಲ್ಲ ಬೆಚ್ಚಗಿದೆ ಅಂದ್ಕೊಂಡಿದೆ. ಸಾಕು ಅಂತ ಬಾಯ್ಲರಿಗೆ ಹೇಳಿದೆ. ಬಾಯ್ಲರ್ ಹೇಳಿದ ಹಾಗೆ ಕೇಳಿದೆ."

ಡೋರೀನ್ ಫೋನಿಗೆ ಓಡಿದಳು. ಒಬ್ಬರಿಂದ ಒಬ್ಬರಿಗೆ ದಾಟಿಸಿ ಕೊನೆಗೆ ಸಿಕ್ಕವರು, ವಿಲ್ಫ್‌ನನ್ನು ಆರೈಕೆ ನಿಲಯಕ್ಕೆ ಕರೆದೊಯ್ಯುವ ಗಾಡಿ ಹೊರಟು ಅರ್ಧ ಗಂಟೆಯಾಯಿತು ಎಂದರು. ಮರುಪರಿಶೀಲನೆಗೆ ಆರು ವಾರ ಕಾಯಬೇಕು.

ಭಾನುವಾರ ಎರಡು ಬಸ್ ಬದಲಿಸಿ ಹೋದಳು. ವಿಲ್ಫ್ ಕಿಟಕಿಯ ಬಳಿ, ಯಾರದೋ ಕಾರ್ಡಿಗನ್ ತೊಟ್ಟು ಕೂತಿದ್ದ. ಮನೆ ತಣ್ಣಗಿತ್ತು ಎಂದಷ್ಟೇ ಅವನಿಗೆ ಯಾರೋ ಹೇಳಿದ್ದರು. ಡೋರೀನ್ ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಅವನು ತಾಳ್ಮೆಯಿಂದ ಕೇಳಿದ.

"ಬೆಂಕಿ ಹಚ್ಚಿದ್ದಕ್ಕೆ ಮನೆ ತಣ್ಣಗಾಯ್ತಾ?"

ಅವನ ಬಾಯಲ್ಲಿ ಕೇಳಿದಾಗ ಅದು ಅವಳಿಗೇ ಮಕ್ಕಳ ಸುಳ್ಳಿನಂತೆ ಕೇಳಿಸಿತು.

"ಇರ್ಲಿ ಬಿಡು ಡೋರಿ. ನಲವತ್ತು ವರ್ಷ ನೋಡ್ಕೊಂಡಿದೀಯ. ಸುಸ್ತಾಗಿದೆ ಅಂತ ನೇರವಾಗಿ ಹೇಳಿದ್ರೂ ನಾನೇನೂ ಅಂದ್ಕೋತಿರ್ಲಿಲ್ಲ."

"ಸುಸ್ತಾಗಿಲ್ಲ ವಿಲ್ಫ್."

ಅವನು ಅವಳ ಕೈ ತಟ್ಟಿದ. ಆ ತಟ್ಟುವಿಕೆಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಆರು ವಾರ ಕಳೆದು ಫಿಲಿಪಾ ಮತ್ತೆ ಬಂದಳು. ಮೇಲಿನ ಕೋಣೆ ಹತ್ತೊಂಬತ್ತು ಡಿಗ್ರಿಯಿತ್ತು. ಮನೆಗೆ ಯಾವ ಅಡ್ಡಿಯೂ ಇಲ್ಲ ಎಂದು ಬರೆದುಕೊಂಡಳು, ಆಮೇಲೆ ಸಂಕೋಚದಿಂದ ಇನ್ನೊಂದು ಹಾಳೆ ತೆಗೆದಳು. ರೋಗಿಯ ಇಚ್ಛೆ ಎಂಬ ಜಾಗದಲ್ಲಿ ವಿಲ್ಫ್ ದಪ್ಪ ಅಕ್ಷರಗಳಲ್ಲಿ ಬರೆದಿದ್ದ: ಇಲ್ಲೇ ಇರುತ್ತೇನೆ. ಕಾರಣ ಏನಾದರೂ ಗೊತ್ತೇ ಎಂದು ಫಿಲಿಪಾ ಕೇಳಿದಳು.

"ನಂಗೆ ತೊಂದರೆ ಆಗಬಾರದು ಅಂತ," ಎಂದಳು ಡೋರೀನ್.

ಮೇ ತಿಂಗಳಲ್ಲಿ ಅವನು ತೀರಿಕೊಳ್ಳುವವರೆಗೆ ಪ್ರತಿ ಭಾನುವಾರ ಎರಡು ಬಸ್ ಬದಲಿಸಿ ಹೋದಳು. ಆ ಗುರುವಾರದ ಮಾತನ್ನು ಮಾತ್ರ ಎತ್ತಲಿಲ್ಲ. ಎತ್ತಿದ್ದರೆ ಅವನು ಮತ್ತೊಮ್ಮೆ ಕ್ಷಮಿಸಿಬಿಡುತ್ತಿದ್ದ.